ಫೋಟೋಗ್ರಾಫರನ ಸಹಿ

ಮಹದೇವ್ ಮೊದಲ ಸಲ ಅಂಗಡಿಗೆ ಬಂದಾಗ ಅವನು ಕೇಳಿದ ಕ್ಯಾಮೆರಾವನ್ನು ನಾನು ಮಾರಲು ಒಪ್ಪಲಿಲ್ಲ. ನಮ್ಮಿಬ್ಬರ ಮೊದಲ ಜಗಳ ಅದು. ನಾನು ಗೆದ್ದಿದ್ದೂ ಅದೊಂದನ್ನೇ.

ರಾಜಾಜಿನಗರದಲ್ಲಿ ನಮ್ಮ ಸೋದರಮಾವ ಸೋಮಲಿಂಗಪ್ಪನವರದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಳ ಅಂಗಡಿ. ಮಾವ ಒಳಗೆ ಕೂತು ರಿಪೇರಿ ಮಾಡುತ್ತಾರೆ, ನಾನು ಕೌಂಟರಿನಲ್ಲಿ ಕೂತು ಗಂಡಸರ ಬಡಾಯಿ ಕೇಳುತ್ತೇನೆ. ನನಗೆ ಆಗ ಮೂವತ್ನಾಲ್ಕು ತುಂಬಿತ್ತು. ಹೇಮಶ್ರೀಗೆ ಇನ್ನೂ ಯಾಕೆ ಮದುವೆ ಆಗಿಲ್ಲ ಎಂದು ಕೇಳುತ್ತಿದ್ದ ನೆಂಟರು ಕೇಳುವುದನ್ನೇ ಬಿಟ್ಟಿದ್ದರು. ಕೇಳುವಾಗ ಸಿಟ್ಟು ಬರುತ್ತಿತ್ತು, ಬಿಟ್ಟ ಮೇಲೆ ಅಳು ಬಂತು.

ಅವನು ಗಾಜಿನ ಕಪಾಟಿನ ಮೇಲುಸಾಲಿಗೆ ಬೆರಳು ತೋರಿಸಿದ.

“ಅದು ಕೊಡಿ ಮೇಡಂ. ದೊಡ್ಡದು.”

“ಏನಕ್ಕೆ?”

“ಸ್ಟಾಕ್ ಫೋಟೋಗ್ರಫಿ ಶುರು ಮಾಡ್ತಾ ಇದೀನಿ. ಫೋಟೋ ತೆಗೆದು ವೆಬ್‌ಸೈಟಿಗೆ ಹಾಕೋದು. ಜಾಹೀರಾತಿಗೆ, ಪುಸ್ತಕದ ಕವರಿಗೆ, ಯಾರಿಗೆ ಬೇಕೋ ಅವ್ರು ಕೊಂಡ್ಕೋತಾರೆ. ನಾವು ಮಲಗಿದ್ರೂ ಮಾರಾಟ ಆಗ್ತಿರುತ್ತೆ.”

“ಇಷ್ಟು ದಿನ ಯಾವುದ್ರಲ್ಲಿ ತೆಗೀತಿದ್ರಿ?”

“ಮೊಬೈಲಲ್ಲಿ.”

“ಹಾಗಾದ್ರೆ ಅದು ಕೊಡಲ್ಲ.”

ಅವನು ಕೆಳತುಟಿ ಕಚ್ಚಿಕೊಂಡು ನಕ್ಕ. ಆ ನಗುವನ್ನು ನೋಡಬಾರದಿತ್ತು. ನೋಡಿದೆ.

“ದುಡ್ಡೆಲ್ಲ ಕ್ಯಾಮೆರಾ ಬಾಡಿ ಮೇಲೆ ಸುರೀಬೇಡಿ ಸಾರ್,” ಎಂದೆ. “ಮಂಟಪಕ್ಕೆಲ್ಲಾ ಖರ್ಚು ಮಾಡಿ ಊಟಕ್ಕೆ ಬರೀ ಚಿತ್ರಾನ್ನ ಹಾಕಿದ ಹಾಗಾಗುತ್ತೆ. ಬಾಡಿ ಹಳೇದಿರ್ಲಿ, ಲೆನ್ಸ್ ಒಳ್ಳೇದಿರ್ಲಿ. ಈ ಫಿಫ್ಟಿ ಎಂಎಂ ಲೆನ್ಸ್ ತಗೊಳ್ಳಿ. ಅಲ್ಲಾಡದ ಟ್ರೈಪಾಡ್ ಒಂದು.”

“ಫ್ಲ್ಯಾಶ್?”

“ಮನೇಲಿ ಕಿಟಕಿ ಇದೆಯಾ?”

“ಇದೆ.”

“ಅದೇ ಫ್ಲ್ಯಾಶು. ಎದುರುಗಡೆ ಒಂದು ಬಿಳೀ ಥರ್ಮಾಕೋಲ್ ನಿಲ್ಲಿಸ್ಕೊಳ್ಳಿ, ಸಾಕು.”

ಹೇಳಿದಷ್ಟನ್ನೇ ತೆಗೆದುಕೊಂಡು ಹೋದ. ಮಾವ ಒಳಗಿನಿಂದ, “ಗಿರಾಕಿನ ಹಿಂಗೆ ಓಡಿಸಿದ್ರೆ ಅಂಗಡಿ ಬಾಗಿಲು ಹಾಕಬೇಕಾಗುತ್ತೆ ಕಣವ್ವ,” ಎಂದರು. ಓಡಿಸಿರಲಿಲ್ಲ. ಅವನು ಮತ್ತೆ ಬಂದ.

ಮುಖ ಸಪ್ಪೆ ಮಾಡಿಕೊಂಡು ಬಂದಿದ್ದ. ಕಳಿಸಿದ ಚಿತ್ರಗಳನ್ನೆಲ್ಲ ವೆಬ್‌ಸೈಟಿನವರು ಬೇಡವೆಂದಿದ್ದರು; ಗುರುತು ಸಿಗುವ ನಂಬರು, ಹೆಸರು ಚಿತ್ರದಲ್ಲಿ ಇರಬಾರದಂತೆ. ಒಂದರಲ್ಲಿ ಆಟೋದ ನಂಬರ್ ಪ್ಲೇಟು, ಇನ್ನೊಂದರಲ್ಲಿ ಬಿಸ್ಕತ್ ಕಂಪನಿಯ ಹೆಸರು. ಮೂರನೆಯದರಲ್ಲಿ ತಟ್ಟೆ ಇಡ್ಲಿ.

“ಇದು ರವೆ ಇಡ್ಲಿನಾ?”

“ಅಲ್ಲ, ಮಾಮೂಲಿದು.”

“ಫೋಟೋದಲ್ಲಿ ರವೆ ಇಡ್ಲಿ ಆಗಿದೆ ನೋಡಿ. ಕತ್ತಲಲ್ಲಿ ತೆಗೆದ್ರೆ ಹೀಗೇ ಕಾಳು ಕಾಳಾಗೋದು. ಬೆಳಕಲ್ಲಿಟ್ಟು, ಕ್ಯಾಮೆರಾದ ಐಎಸ್ಓ ನಂಬರ್ ಇಳಿಸಿ.”

ಅವನು ಚಿತ್ರ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ತಟ್ಟನೆ ಕಣ್ಣು ತಗ್ಗಿಸಿ, “ಕೈ ಚೆನ್ನಾಗಿ ಮಾರಾಟ ಆಗುತ್ತಂತೆ ಮೇಡಂ,” ಎಂದ. “ಕಾಫಿ ಲೋಟ ಹಿಡಿದ ಕೈ, ಹೂ ಕಟ್ಟೋ ಕೈ. ನೀವು ಕೈ ಕೊಡ್ತೀರಾ?”

“ಕೈ ಕೊಡೋದು ಗಂಡಸರ ಕೆಲಸ ಅಲ್ವಾ?”

ಅವನ ಕಿವಿ ಕೆಂಪಾಯಿತು. ನಾನು ಒಪ್ಪಿಕೊಂಡೆ.

ಅನ್ನಪೂರ್ಣೇಶ್ವರಿ ನಗರದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ಅವನು ಸಣ್ಣ ರೂಮು ಹಿಡಿದಿದ್ದ. ವಾರವೆಲ್ಲ ಯಾವುದೋ ಆಫೀಸಿನಲ್ಲಿ ಗುಮಾಸ್ತ, ಭಾನುವಾರ ಅಲ್ಲಿ ಫೋಟೋಗ್ರಾಫರ್. ಕಿಟಕಿ ಉತ್ತರಕ್ಕಿತ್ತು, ದಿನವಿಡೀ ಹದವಾದ ಬೆಳಕು. ನಾನು ಕಿಟಕಿಯ ಪಕ್ಕ ಕೂತು ಮಲ್ಲಿಗೆ ಕಟ್ಟುತ್ತಿದ್ದೆ, ಬಟಾಣಿ ಬಿಡಿಸುತ್ತಿದ್ದೆ, ದೀಪ ಹಚ್ಚುತ್ತಿದ್ದೆ. ಚಿತ್ರದಲ್ಲಿ ಮೊಣಕೈವರೆಗೆ ಮಾತ್ರ ಬರುತ್ತದೆ ಎಂದು ಗೊತ್ತಿದ್ದೂ ಕಾಡಿಗೆ ಹಚ್ಚಿಕೊಂಡು, ಕಿವಿಗೆ ಜುಮುಕಿ ಹಾಕಿಕೊಂಡು ಹೋಗುತ್ತಿದ್ದೆ. ಹೆಂಗಸರ ದಡ್ಡತನಕ್ಕೆ ಕೊನೆಯಿಲ್ಲ.

ನನ್ನ ಬೆರಳು ಸರಿಸಬೇಕಾದಾಗ ಅವನು ಲೆನ್ಸ್ ಒರೆಸುವ ಬ್ರಶ್ಶಿನ ತುದಿಯಿಂದ ಸರಿಸುತ್ತಿದ್ದ. ಒಂದು ಭಾನುವಾರ ಬ್ರಶ್ಶು ಸಿಗಲಿಲ್ಲ. ಕೈಯಿಂದಲೇ ಸರಿಸಿದ. ಸರಿಸಿದ ಮೇಲೂ ಕೈ ತೆಗೆಯಲಿಲ್ಲ.

“ಫೋಕಸ್ ಹೋಗುತ್ತೆ,” ಎಂದೆ.

“ಹೋಗ್ಲಿ ಬಿಡಿ,” ಎಂದ.

ಅವತ್ತು ಕ್ಯಾಮೆರಾ ಒಂದು ಚಿತ್ರವನ್ನೂ ತೆಗೆಯಲಿಲ್ಲ.

ಮದರಂಗಿ ಹಾಕಿದ ನನ್ನ ಅಂಗೈ ಮೊದಲು ಮಾರಾಟವಾಯಿತು. ಯಾರೋ ಅದನ್ನು ಕೊಂಡು ಮಾಗಡಿ ರಸ್ತೆಯ ಕಲ್ಯಾಣಮಂಟಪವೊಂದರ ಫ್ಲೆಕ್ಸಿಗೆ ಹಾಕಿದ್ದರು. ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದ. ಆ ಟ್ರಾಫಿಕ್ಕಿನ ನಡುವೆ ಮನೆಯಷ್ಟು ದೊಡ್ಡ ನನ್ನ ಕೈ.

“ನೋಡು,” ಎಂದ. ನೀವು ಹೋಗಿ ನೀನು ಬಂದಿತ್ತು. “ನಿನ್ನ ಕೈ ಅಂತ ಯಾರಿಗೂ ಗೊತ್ತಾಗಲ್ಲ. ನಮ್ಮಿಬ್ಬರಿಗೆ ಬಿಟ್ಟು.”

“ಮುಖ ಯಾಕೆ ತೆಗೆಯಲ್ಲ ನೀನು? ಅಷ್ಟು ಕೆಟ್ಟದಾಗಿದೀನಾ?”

ಅವನು ಸ್ಕೂಟರಿನ ಕನ್ನಡಿಯಲ್ಲೇ ನನ್ನನ್ನು ನೋಡಿದ. “ಕೈ ಊರಿಗೆಲ್ಲ. ಮುಖ ನನಗೊಬ್ಬನಿಗೆ.”

ಇಂಥ ಮಾತನ್ನು ಹೇಳಿದ ಗಂಡಸಿನ ಜೊತೆ ಮದುವೆಯ ಮಾತು ತಾನಾಗಿ ಬರುತ್ತದೆ ಎಂದು ನಂಬಿದೆ. ಕೇಳುವವಳು ನಾನಾಗಬಾರದು, ಅವನೇ ಕೇಳಲಿ ಎಂದು ಕಾದೆ. ಮಳೆಗಾಲ ಹೋಗಿ ದೀಪಾವಳಿ ಬಂತು. ಅವನು ಲೆನ್ಸ್ ಬಗ್ಗೆ ಕೇಳಿದ, ಬೆಳಕಿನ ಬಗ್ಗೆ ಕೇಳಿದ. ಅದೊಂದನ್ನು ಕೇಳಲಿಲ್ಲ.

ವಿಜಯನಗರದ ಶೋಭಾರಾಣಿ ನಮ್ಮ ಹಳೆಯ ಗಿರಾಕಿ. ಅವರೂ ಬಹಳ ವರ್ಷದಿಂದ ಸ್ಟಾಕ್ ಫೋಟೋ ಮಾಡುವವರು. ಟ್ರೈಪಾಡಿಗೆ ಸ್ಕ್ರೂ ಕೊಳ್ಳಲು ಬಂದವರು ಮಾತಿಗೆ ಮಾತು ಬಂದು ಹೇಳಿದರು:

“ಹೊಸಬರೆಲ್ಲ ಕೈಯಿಂದಾನೇ ಶುರು ಮಾಡೋದು ಹೇಮಾ. ಮುಖ ಕಂಡ್ರೆ ರಿಲೀಸ್ ಫಾರಂ ಬೇಕು, ಒಪ್ಪಿಗೆ ಪತ್ರ. ಮಾಡೆಲ್ ಹೆಸರು, ಅಡ್ರೆಸ್ಸು, ಅವರ ಸಹಿ, ಪಕ್ಕದಲ್ಲಿ ಫೋಟೋಗ್ರಾಫರ್ ಸಹಿ, ಕೆಳಗೆ ಸಾಕ್ಷಿ. ಕೈಗೆ ಅದ್ಯಾವ ತಲೆನೋವೂ ಇಲ್ಲ. ಯಾರ ಕೈ ಅಂತ ಯಾರು ಕೇಳ್ತಾರೆ?”

ಇನ್ನೊಬ್ಬಳಾಗಿದ್ದರೆ ಅಲ್ಲೇ ಅರ್ಥ ಮಾಡಿಕೊಳ್ಳುತ್ತಿದ್ದಳು. ನಾನು ನಕ್ಕೆ. ಇಷ್ಟೇನಾ, ನನ್ನ ಸಹಿ ಕೇಳಲು ನಾಚಿಕೆ ಪಟ್ಟುಕೊಂಡಿದ್ದಾನೆ ಎಂದುಕೊಂಡೆ. ಒಂದು ಕಾಗದದಲ್ಲಿ ಅವನ ಹೆಸರು, ನನ್ನ ಹೆಸರು, ಕೆಳಗೊಂದು ಸಾಕ್ಷಿ ಎಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಮದುವೆಗೆ ಇನ್ನೇನು ಕಡಿಮೆ! ಆ ಫಾರಂ ಕೇಳಿ ಪ್ರಿಂಟ್ ಹಾಕಿಸಿಕೊಂಡೆ. ನನ್ನ ಹೆಸರು ಬರೆದು ಸಹಿ ಮಾಡಿದೆ. ಸಾಕ್ಷಿಯ ಜಾಗದಲ್ಲಿ ಶೋಭಾರಾಣಿ ಸಹಿ ಹಾಕಿ, “ಏನೇ ಇದು, ಲಗ್ನಪತ್ರಿಕೆ ಬರೆಸ್ತಿರೋ ಹಾಗೆ ಮುಖ ಅರಳಿಸ್ಕೊಂಡು ನಿಂತಿದೀಯ,” ಎಂದು ಛೇಡಿಸಿದರು. ಬಾಕಿ ಉಳಿದಿದ್ದು ಅವನ ಸಹಿ ಒಂದೇ.

ಭಾನುವಾರ ಅವ್ವನ ಇಳಕಲ್ ಸೀರೆ ಉಟ್ಟು, ಹೊಟ್ಟೆಗೆ ಏನೂ ಇಳಿಯದೆ, ಬೆಳಿಗ್ಗೆಯೇ ಹೊರಟೆ.

ರೂಮಿನ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದರು. ಕಿಟಕಿಯಲ್ಲಿ ಊಟದ ಕ್ಯಾರಿಯರ್. ಗೋಡೆಯ ಮೇಲೆ ಸಾಲಾಗಿ ಹೊಸ ಫ್ರೇಮುಗಳು, ಎಲ್ಲದರಲ್ಲೂ ನನ್ನ ಕೈ.

ಮಹದೇವ್ ನನ್ನನ್ನು ನೋಡಿ ಎದ್ದು ನಿಂತ. ಕುತ್ತಿಗೆಯ ಕ್ಯಾಮೆರಾ ಹಿಡಿದುಕೊಂಡು ತಾಯಿಯ ಕಡೆ ತಿರುಗಿದ.

“ಅಮ್ಮ, ಇವ್ರು ಕ್ಯಾಮೆರಾ ಅಂಗಡಿಯೋರು.”

ಅವನ ತಾಯಿ ಇಂದ್ರಮ್ಮ ಕೈ ಒರೆಸಿಕೊಂಡು ಬಂದರು. ಒಳ್ಳೆಯ ಹೆಂಗಸು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದಾದರೂ ಬರಬಹುದಿತ್ತು.

“ಬಾಮ್ಮ, ಕೂತ್ಕೋ. ನನ್ ಮಗಂಗೆ ಎಲ್ಲಾ ಹೇಳ್ಕೊಟ್ಟಿದ್ದು ನೀನೇ ಅಂತೆ. ಇವತ್ತು ಹುಡುಗಿ ಕಡೆಯೋರು ಈ ಜಾಗ ನೋಡೋಕೆ ಬರ್ತಾವ್ರೆ. ಬರೀ ಗುಮಾಸ್ತ ಅಂತ ಹೋದ್ಸಲ ಮೂಗು ಮುರಿದಿದ್ರು. ಈಗ ಸ್ಟುಡಿಯೋ ಐತೆ ಅಂದ್ಮೇಲೆ ತಾವಾಗೇ ಬರ್ತಾವ್ರೆ ನೋಡು.” ನನ್ನ ಹಣೆಯ ವಿಭೂತಿ ನೋಡಿ ನಕ್ಕರು. “ಲಿಂಗಾಯತರಾ? ಸದ್ಯ, ಇವತ್ತು ಬರೀ ಬಸ್ಸಾರು ಮಾಡ್ಕೊಂಡು ಬಂದಿದೀನಿ. ನಿಂಗೂ ಆಗುತ್ತೆ, ಊಟ ಮಾಡ್ಕೊಂಡೇ ಹೋಗ್ಬೇಕು.”

ನನ್ನ ಕೈ ತೋರಿಸಿ ಹೆಣ್ಣು ಗೊತ್ತು ಮಾಡುತ್ತಿದ್ದರು. ಯಾರ ಕೈ ಎಂದು ಆ ತಾಯಿಗೆ ಗೊತ್ತಿರಲಿಲ್ಲ. ಬರುವ ಹುಡುಗಿಗೂ ಗೊತ್ತಾಗುವುದಿಲ್ಲ. ಹೆಸರು ಬೇಡದ ಮಾಲನ್ನೇ ಅವನು ಮೊದಲ ದಿನದಿಂದ ಆರಿಸಿಕೊಂಡಿದ್ದ ಎಂಬುದು ನನಗೆ ಆಗ ಗೊತ್ತಾಯಿತು.

ನಾನು ಹೊರಗೆ ಬಂದೆ. ಅವನು ನನ್ನ ಹಿಂದೆಯೇ ಮೆಟ್ಟಿಲಿಗೆ ಬಂದ. ಕುತ್ತಿಗೆಯಲ್ಲಿ ಕ್ಯಾಮೆರಾ ಹಾಗೇ ನೇತಾಡುತ್ತಿತ್ತು.

“ಹೇಮಾ, ನಿಲ್ಲು. ಹೇಳೋಣ ಅಂತಾನೇ ಇದ್ದೆ.”

“ಯಾವಾಗ? ಆರತಕ್ಷತೆ ದಿನ ಮದರಂಗಿ ಹಾಕಿಸ್ಕೊಂಡು ಬಾ ಅಂತಾನಾ?”

“ನಿನ್ನ ಬಿಟ್ಟು ಯಾರೂ ಬೇಡ ನಂಗೆ. ನಿಜವಾಗ್ಲೂ. ನಿನ್ನನ್ನ ಎಷ್ಟು ಇಷ್ಟ ಪಡ್ತೀನಿ ಅಂತ ನಿಂಗೆ ಗೊತ್ತಿಲ್ವಾ?” ಅವನ ಕಣ್ಣು ತುಂಬಿತ್ತು. ಸುಳ್ಳು ಹೇಳುತ್ತಿರಲಿಲ್ಲ. ನಾನು ಕಾದಿದ್ದ ಮಾತೇ ಅದು. ಬಂದಿದ್ದು ಮಾತ್ರ ಮೆಟ್ಟಿಲ ಮೇಲೆ, ಪಿಸುದನಿಯಲ್ಲಿ. “ಅಮ್ಮಂಗೆ ಹೇಗೆ ಹೇಳ್ಲಿ? ಜಾತಿ ಬೇರೆ, ನೀನು ನನಗಿಂತ ದೊಡ್ಡೋಳು ಬೇರೆ.”

ಬ್ಯಾಗಿನಿಂದ ಕಾಗದ ತೆಗೆದು ಅವನ ಕೈಗಿಟ್ಟೆ.

“ಮದುವೆ ಆಗು ಅಂತ ಕೇಳ್ತಾ ಇಲ್ಲ. ಇದಕ್ಕೆ ಸಹಿ ಮಾಡು. ನನ್ನ ಮುಖ ತೆಗಿ, ಆ ಕೈಗಳ ಜೊತೆ ಗೋಡೆಗೆ ಹಾಕು. ಇವಳು ಹೇಮಶ್ರೀ, ಇದೆಲ್ಲಾ ಇವಳದ್ದೇ ಕೈ ಅಂತ ಬಂದೋರಿಗೆ ಹೇಳು. ಅಷ್ಟು ಸಾಕು.”

ಅವನು ಓದಿದ. ನನ್ನ ಸಹಿ ನೋಡಿದ, ಶೋಭಾರಾಣಿಯ ಸಹಿ ನೋಡಿದ. ನಡುವಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ.

“ಒಂದು ವಾರ ಟೈಮ್ ಕೊಡು,” ಎಂದ.

ನಾನು ಕಾಗದ ವಾಪಸ್ಸು ತೆಗೆದುಕೊಂಡೆ. ಎರಡು ಮೆಟ್ಟಿಲು ಇಳಿದಿರಬೇಕು, ಅವನು ಕರೆದ.

“ಹೇಮಾ. ಒಂದೇ ಒಂದು ಫೋಟೋ ತೆಗೀಲಾ? ನಿನ್ನ ಮುಖದ್ದು. ಎಲ್ಲೂ ಹಾಕಲ್ಲ. ನನ್ನ ಹತ್ರ ಇರಲಿ.”

ತಿರುಗಿ ನಿಂತೆ. ಅವನು ಕ್ಯಾಮೆರಾವನ್ನು ಕಣ್ಣಿಗೆ ಏರಿಸಿದ್ದ. ಜೀವ ಅಷ್ಟೂ ದಿನ ಬಯಸಿದ್ದು ಇದನ್ನೇ. ಈಗಲೂ ಬಯಸಿತು, ಅದನ್ನು ಮುಚ್ಚಿಡುವುದಿಲ್ಲ. ಸೀರೆಯ ಸೆರಗನ್ನು ಸರಿ ಕೂಡ ಮಾಡಿಕೊಂಡೆ.

“ಸಹಿ ಮಾಡಿ ತೆಗಿ,” ಎಂದೆ, ರೂಮಿನ ಒಳಗಿದ್ದವರಿಗೂ ಕೇಳುವಷ್ಟು ಜೋರಾಗಿ.

ಅವನು ಒಮ್ಮೆ ಬಾಗಿಲ ಕಡೆ ನೋಡಿದ. ಆಮೇಲೆ ಕ್ಯಾಮೆರಾ ಇಳಿಸಿದ.

“ಯಾಕಮ್ಮ, ಹೊರಟೇಬಿಟ್ಯಾ?” ಮೇಲಿನಿಂದ ಇಂದ್ರಮ್ಮನ ದನಿ ಬಂತು. “ಒಂದು ತುತ್ತು ಉಂಡ್ಕೊಂಡು ಹೋಗು, ಹಸ್ಕೊಂಡಿದೀಯೇನೋ.”

“ಇಲ್ಲಮ್ಮ,” ಎಂದೆ. “ಮನೇಲೇ ಆಯ್ತು.”