ಗುಂಡಪ್ಪನ ಕಾವಲುಮಂಚ

ಮಂಚದ ಮೇಲೆ ಮಲಗಿಸಿದ್ದ ರಬ್ಬರ್ ಗೊಂಬೆ ಉಸಿರಾಡುವುದನ್ನು ನಿಲ್ಲಿಸಿತು. ಎಂಟನೆಯ ಸೆಕೆಂಡಿಗೆ ಸರಿಯಾಗಿ ತಲೆಯ ಕಡೆ ಕೆಂಪು ದೀಪ ಹತ್ತಿ, ಹೆಣ್ಣುದನಿಯೊಂದು "ಮಗುವಿನ ಉಸಿರು ನೋಡಿ" ಎಂದಿತು. ಹುಬ್ಬಳ್ಳಿಯ ವಿದ್ಯಾನಗರದ ಆ ಅಂಗಡಿಯಲ್ಲಿ ನೆರೆದಿದ್ದ ಏಳೆಂಟು ಜನ ಚಪ್ಪಾಳೆ ತಟ್ಟಿದರು. ಪಲ್ಲವಿಯಜ್ಜಿ ಮಾತ್ರ ತಟ್ಟಲಿಲ್ಲ. ಆಕೆ ಆಗಲೇ ಮಂಚದ ಅಡಿಗೆ ತಲೆ ತೂರಿಸಿ ಬೋಲ್ಟುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುತ್ತಿದ್ದಳು.

ಇದು ಎರಡು ಸಾವಿರದ ಎಪ್ಪತ್ತರ ದಶಕದ ಮಾತು. ಅಷ್ಟು ಹೊತ್ತಿಗೆ ಹೆಸರುಗಳ ಫ್ಯಾಶನ್ ಒಂದು ಸುತ್ತು ತಿರುಗಿ ಬಂದಿತ್ತು. ಅಜ್ಜಿಯರೆಲ್ಲ ಪಲ್ಲವಿ, ಐಶ್ವರ್ಯಾ. ಅವರ ಹೆಣ್ಣುಮಕ್ಕಳೆಲ್ಲ ನೀಲಮ್ಮ, ದ್ಯಾಮವ್ವ. ಪಲ್ಲವಿಯಜ್ಜಿಯ ಮಗಳು ನೀಲಮ್ಮನಿಗೆ ದಿನ ತುಂಬುವ ಏಳು ವಾರ ಮೊದಲೇ ಹೆರಿಗೆಯಾಗಿತ್ತು. ಹೆಣ್ಣು ಕೂಸು ಐದು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಎರಡು ಮುಕ್ಕಾಲು ಕಿಲೋ ತೂಗುವಷ್ಟಾಗಿ ಈಗ ಮನೆಗೆ ಬರುವುದಿತ್ತು. "ಬೇಗ ಹುಟ್ಟಿದ ಮಕ್ಕಳು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆಯುತ್ತವೆ. ಸಾಮಾನ್ಯವಾಗಿ ತಾವೇ ನೆನಪಿಸಿಕೊಳ್ಳುತ್ತವೆ. ಆದರೂ ಮೂರು ತಿಂಗಳು ಕಣ್ಣಿಟ್ಟಿರಿ" ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಮಾತು ಕೇಳಿದಂದಿನಿಂದ ನೀಲಮ್ಮ ಸರಿಯಾಗಿ ಊಟ ಮಾಡಿರಲಿಲ್ಲ.

ಕೂಸಿಗೆ ತೊಟ್ಟಿಲು ಕೊಡಬೇಕಾದವರು ತವರಿನವರು. ಅಟ್ಟದ ಮೇಲೆ ಕಲಘಟಗಿಯ ಬಣ್ಣದ ತೊಟ್ಟಿಲು ಇತ್ತು ನಿಜ, ಆದರೆ ಅದರ ಕಂಬಿಗಳ ನಡುವೆ ತೆಂಗಿನಕಾಯಿ ಸಲೀಸಾಗಿ ತೂರುತ್ತಿತ್ತು. ಕೂಸಿನ ತಲೆ ತೆಂಗಿನಕಾಯಿಗಿಂತ ಚಿಕ್ಕದು. ಹಾಗಾಗಿ ಪಲ್ಲವಿಯಜ್ಜಿ ಒಂದು ವಾರದಿಂದ ಅಂಗಡಿ ಅಂಗಡಿ ಅಲೆಯುತ್ತಿದ್ದಳು, ಬ್ಯಾಗಿನಲ್ಲೊಂದು ಗೋಲಿ ಸೋಡಾ ಬಾಟಲಿ ಇಟ್ಟುಕೊಂಡು. ಬಾಟಲಿ ಕಂಬಿಗಳ ನಡುವೆ ತೂರಿದರೆ ಆ ಮಂಚ ಬೇಡ. ಹಾಸಿಗೆ ಒತ್ತಿದಾಗ ಬೆರಳು ಹುಗಿದರೆ ಅದೂ ಬೇಡ. ಮೆತ್ತನೆಯದು ದೊಡ್ಡವರಿಗೆ ಸುಖ, ಕೂಸಿಗೆ ಗಂಡಾಂತರ. ದಿಂಬು, ಕುಚ್ಚು, ಲೇಸು ಎಂದ ಅಂಗಡಿಯವನಿಗೆ, "ಇದು ಮಲಗಾಕೋ, ಮೆರವಣಿಗಿಗೋ?" ಎಂದು ಕೇಳಿ ಹೊರಬಿದ್ದಿದ್ದಳು.

ಈ ಮಂಚದಲ್ಲಿ ಬಾಟಲಿ ತೂರಲಿಲ್ಲ, ಬೆರಳು ಹುಗಿಯಲಿಲ್ಲ, ಬೋಲ್ಟು ಅಲುಗಲಿಲ್ಲ. ಅಜ್ಜಿ ಮೇಲೆದ್ದಾಗ ಎದುರಿಗೆ ನಿಂತಿದ್ದವಳು ಮಂಚವನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ನಸೀಮಾ ಕಿತ್ತೂರ.

"ಏನ್ ಹುಡುಕಾಕತ್ತೀರಿ ಅಮ್ಮಾರ?"

"ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸೇನ್ರಿ. ಕೆಳಗ ನೋಡದs ಗಾಡಿ ಹತ್ತಿದಾಕಿ ಅಲ್ಲ. ಹೇಳ್ರಿ, ಇದು ಹೆಂಗ ಕೆಲಸ ಮಾಡತೈತಿ?"

ನಸೀಮಾಳಿಗೆ ಇಂಥ ಗಿರಾಕಿ ಸಿಕ್ಕಿದ್ದೇ ಖುಷಿ. ಅವಳು ವಿವರಿಸಿದಳು. ಹಾಸಿಗೆಯ ಅಡಿಯಲ್ಲಿ ಕಂಪನಗ್ರಾಹಿ ಹಲಗೆ ಎಂಬುದೊಂದಿದೆ. ಇರುವೆ ನಡೆದರೂ ಅದಕ್ಕೆ ತಿಳಿಯುತ್ತದೆ. ಕೂಸಿನ ಉಸಿರಿನ ಏರಿಳಿತವಂತೂ ಸರಿಯೇ ಸರಿ. ಗುಂಡಿ ಒತ್ತಿ ಕೂಸನ್ನು ಮಲಗಿಸಿದ ಮೇಲಿನ ಮುಕ್ಕಾಲು ಗಂಟೆ ‘ಪರಿಚಯಾವಧಿ’. ಆಗ ಮಂಚ ತನ್ನ ಕೂಸಿನ ತೂಕ, ಮೈಯ ಬಿಸಿ, ಉಸಿರಿನ ರೀತಿ, ಮನೆಯವರು ಕರೆಯುವ ಹೆಸರು, ಎಲ್ಲವನ್ನೂ ಕಲಿಯುತ್ತದೆ. ಒಮ್ಮೆ ಕಲಿತದ್ದನ್ನು ಒಂದು ವರ್ಷ ಯಾರೂ ಅಳಿಸಲಾರರು. ಯಾವುದೋ ಗುಂಡಿ ತಪ್ಪಿ ಒತ್ತಿ ಕಾವಲು ಕೆಡಬಾರದೆಂದು ಈ ಬಿಗಿ.

"ಇರುವಿ ನಡದ್ರ ಗೊತ್ತಾಗತೈತಿ ಅಂದ್ರ, ಮನಿ ಮುಂದ ಬಸ್ ಹೋದ್ರ?"

ನಸೀಮಾಳ ನಗು ಸ್ವಲ್ಪ ಇಳಿಯಿತು. "ಅಲ್ಲೇ ನಮ್ಮ ತಲಿನೋವು ಐತ್ರಿ. ಮನಿ ನಡುಕ ಕೂಸಿನ ಉಸಿರಿನ್ಯಾಗ ಕಲಸಿಬಿಡತೈತಿ. ನೂರು ಸಲ ಕೂಗಿದ್ರ ತೊಂಬತ್ತು ಸಲ ಸುಳ್ಳ. ಸುಮ್ಮನ ಇರೂದಕ್ಕಿಂತ ಕೂಗೂದು ಚಲೋ ಅಂತ ಹಂಗs ಬಿಟ್ಟೇವಿ."

"ದಿನಾ ಸುಳ್ಳ ಕೂಗಿದ್ರ ಮಂದಿ ಬಂದ್ ಮಾಡಿ ಇಡ್ತಾರಲ್ರಿ."

"ಇಡ್ತಾರ್ರಿ," ಎಂದಳು ನಸೀಮಾ ಮೆಲ್ಲಗೆ.

"ಡಿಪೋದಾಗ ನಾ ದಿನಾ ಮುಂಜಾನೆ ಖಾಲಿ ಬಸ್ ಒಂದು ಸುತ್ತು ಹೊಡೀತಿದ್ದೆ. ಅದರ ಗಡಗಡ ಎಲ್ಲಾ ಕಿವಿಗೆ ಕೂಡತಿತ್ತು. ಆಮ್ಯಾಲೆ ಮಂದಿ ಹತ್ತಿದಾಗ ಹೊಸ ಸದ್ದು ಬಂತಂದ್ರ ತಟ್ಟನ ತಿಳೀತಿತ್ತು. ಇದನ್ನೂ ಒಮ್ಮೆ ಖಾಲಿ ಇಟ್ಟು ಕಲಿಸ್ರಿ."

"ಖಾಲಿ ಇದ್ರ ಇದು ಏಳೂದs ಇಲ್ರಿ. ಮ್ಯಾಲೆ ಭಾರ ಬೇಕು, ಬಿಸಿ ಬೇಕು. ಕೂಸಿಲ್ಲದ ಪರಿಚಯ ಹೆಂಗ ಆಗಬೇಕು?"

ಅದೂ ಸರಿಯೇ ಅನ್ನಿಸಿತು. ನೋಡಿದ್ದರಲ್ಲೆಲ್ಲ ಇದೇ ಚೆನ್ನಾಗಿತ್ತು. ಪಲ್ಲವಿಯಜ್ಜಿ ಕಾವಲುಮಂಚವನ್ನೇ ಆರಿಸಿದಳು, ಜೊತೆಗೆ ಕೊಟ್ಟ ಅರವತ್ತು ಪುಟದ ಕೈಪಿಡಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಮಂಚದಲ್ಲಿ ದಿಂಬು ಇಡಬಾರದು, ಆಟಿಕೆ ಇಡಬಾರದು, ಬೆಕ್ಕು ಬಿಡಬಾರದು. ಎಲ್ಲ ಬಾಯಿಪಾಠವಾಯಿತು.

ಕೂಸು ಮನೆಗೆ ಬಂದ ದಿನವೇ ಹೆಸರಿಡುವ ಶಾಸ್ತ್ರ. ಓಣಿಯ ಹೆಂಗಸರೆಲ್ಲ ಸೇರಿದರು. ಎಲ್ಲ ತಯಾರಿರಲಿ ಎಂದು ಪಲ್ಲವಿಯಜ್ಜಿ ತಾನೇ ಮಂಚದ ಗುಂಡಿ ಒತ್ತಿದಳು. ಆಮೇಲೆ, ತನ್ನ ಅವ್ವ ಮಾಡಿದಂತೆ, ಅವ್ವನ ಅವ್ವ ಮಾಡಿದಂತೆ, ಅಡುಗೆಮನೆಯ ಪುಟ್ಟ ರುಬ್ಬುವ ಗುಂಡನ್ನು ಎತ್ತಿಕೊಂಡು ಬಂದಳು.

ಅದು ಅವರ ಮನೆಯ ಪದ್ಧತಿ. ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಬೇಕು, ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲೆಂದು. ಸುಮ್ಮನೆ ಹಾಕುವಂತಿಲ್ಲ. ಗುಂಡಪ್ಪ ಎಂದು ಕರೆಯುವ ಆ ಕಲ್ಲಿಗೆ ಬಿಸಿನೀರು ಹೊಯ್ದರು, ಎಣ್ಣೆ ಹಚ್ಚಿದರು, ಕಾಡಿಗೆಯ ಬೊಟ್ಟಿಟ್ಟರು, ಉಣ್ಣೆಯ ಕುಂಚಿಗೆ ತೊಡಿಸಿದರು. ನಾಲ್ವರು ಹೆಂಗಸರು ಮಂಚದ ಅಡಿಯಿಂದ ಒಮ್ಮೆ, ಮೇಲಿನಿಂದ ಒಮ್ಮೆ ಅವನನ್ನು ಕೈಯಿಂದ ಕೈಗೆ ದಾಟಿಸಿ ಮಲಗಿಸಿದರು. "ಗುಂಡಪ್ಪಾ, ಮಲ್ಕೋಪಾ" ಎಂದು ಹಾಡು ಶುರುವಾಯಿತು. ಒಳಗೆ ಹೊನ್ನವ್ವ, ಅಂದರೆ ಇನ್ನು ಹತ್ತು ನಿಮಿಷದಲ್ಲಿ ಆ ಹೆಸರು ಪಡೆಯಬೇಕಿದ್ದ ಕೂಸು, ಹಸಿದು ಅತ್ತಿತು. ಹಾಲು ಕುಡಿಯಿತು, ತೇಗಿತು, ಬಟ್ಟೆ ಒದ್ದೆ ಮಾಡಿಕೊಂಡಿತು, ಮತ್ತೆ ಹಾಲು ಬೇಡಿತು. ಹೊರಗೆ ಒಂದು ಹಾಡು ಮುಗಿದು ಐದು ಹಾಡುಗಳಾದವು. ಆಗ ಮಂಚ ಮಾತಾಡಿತು.

"ಪರಿಚಯ ಮುಗಿಯಿತು. ನಿಮ್ಮ ಮಗು ಗುಂಡಪ್ಪ ಬಹಳ ಶಾಂತ ಸ್ವಭಾವದವನು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಪಲ್ಲವಿಯಜ್ಜಿ ಮಾತ್ರ ಮಂಚದತ್ತ ಧಾವಿಸಿದಳು. ಕಲ್ಲನ್ನೆತ್ತಿ, ಓಡಿಹೋಗಿ ಹೊನ್ನವ್ವನನ್ನು ತಂದು ಮಲಗಿಸಿದಳು. ಕೆಂಪು ದೀಪ ಹತ್ತಿತು. "ಇದು ನಮ್ಮ ಮಗುವಲ್ಲ. ಗುಂಡಪ್ಪ ಎಲ್ಲಿ? ಗುಂಡಪ್ಪ ಎಲ್ಲಿ?"

"ಅವ್ವಾ, ಅರವತ್ತು ಪುಟ ಓದಿದ್ಯಲ್ಲ!" ಎಂದು ನೀಲಮ್ಮ ಅಳತೊಡಗಿದಳು.

ಓದಿದ್ದು ನಿಜ. ಆದರೆ ಗುಂಡಪ್ಪ ದಿಂಬಲ್ಲ, ಆಟಿಕೆಯಲ್ಲ, ಬೆಕ್ಕಲ್ಲ. ಅವನೂ ಒಂದು ವಸ್ತು ಎಂದು ಅಜ್ಜಿಗೆ ಹೊಳೆದೇ ಇರಲಿಲ್ಲ. ಮೂವತ್ತೊಂದು ವರ್ಷ ಒಂದೂ ಅಪಘಾತವಿಲ್ಲದೆ ಬಸ್ಸು ಓಡಿಸಿದ ತಾನು ಮೊಮ್ಮಗಳ ವಿಷಯದಲ್ಲೇ ಎಡವಿದೆನಲ್ಲ ಎಂದು ಆಕೆಗೆ ಬಹಳ ನಾಚಿಕೆಯಾಯಿತು, ಭಯವೂ ಆಯಿತು.

ಫೋನು ಮಾಡಿದ ಒಂದೇ ಗಂಟೆಯಲ್ಲಿ ನಸೀಮಾ ಬಂದಳು. ಬಂದವಳು ಮೊದಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನೀಲಮ್ಮನ ಮುಖ ನೋಡಿ ನಗು ನಿಲ್ಲಿಸಿ ಮಂಚ ಪರೀಕ್ಷಿಸಿದಳು.

"ತಣ್ಣನ ಗೊಂಬಿ ಇಟ್ರ ಮಂಚ ಒಪ್ಪೂದಿಲ್ರಿ. ನೀವು ಕಲ್ಲಿಗೆ ಬಿಸಿನೀರು ಹೊಯ್ದು ಉಣ್ಣಿ ಸುತ್ತಿದ್ರಿ. ತೂಕಾನೂ ಕೂಸಿಂದs. ಪಾಪ, ಅದರ ತಪ್ಪೇನು? ಅಳಸಾಕ ಬರೂದಿಲ್ಲ. ಹೊಸಾ ಮಂಚ ಬರಾಕ ಒಂಬತ್ತು ದಿನ ಬೇಕು."

"ಅಲ್ಲೀತನಕ?" ನೀಲಮ್ಮ ಕೇಳಿದಳು.

ನಸೀಮಾ ಯೋಚಿಸಿದಳು. ಮಂಚಕ್ಕೆ ಅವಳಿ ಮಕ್ಕಳ ಕಾವಲೂ ಗೊತ್ತು. ಮೊದಲನೆಯದರ ಭಾರ ಹಲಗೆಗೆ ತಿಳಿಯುತ್ತಿದ್ದರೆ ಎರಡನೆಯದನ್ನೂ ಅದು ನೋಡಿಕೊಳ್ಳುತ್ತದೆ. ಆದರೆ ಕೂಸಿನ ಪಕ್ಕ ಕಲ್ಲು ಇಡುವುದುಂಟೆ?

"ಪಕ್ಕಕ್ಕ ಯಾಕ? ಶಾಸ್ತ್ರದಾಗ ಅಂವ ಮಂಚದ ಬುಡಕ್ಕೂ ಹೋಗ್ತಾನಲ್ಲ," ಎಂದಳು ಪಲ್ಲವಿಯಜ್ಜಿ. ಹಲಗೆಯ ತಳಕ್ಕೆ ಬಟ್ಟೆ ಇಡಲೆಂದು ಜೋಡಿಸಿದ ತಂತಿಯ ಬುಟ್ಟಿಯೊಂದಿತ್ತು. ಕುಂಚಿಗೆಯ ಸಮೇತ ಗುಂಡಪ್ಪನನ್ನು ಅದರಲ್ಲಿಟ್ಟು ಬಿಗಿಯಾಗಿ ಕಟ್ಟಿದಳು. ಕೆಂಪು ದೀಪ ಆರಿತು. "ಗುಂಡಪ್ಪ ಇದ್ದಾನೆ. ಜೊತೆಗೆ ಎರಡನೆಯ ಮಗು ಇದೆ. ಉಸಿರು ನಿಮಿಷಕ್ಕೆ ನಲವತ್ತೆರಡು."

"ಇದನ್ನ ನಂಬಬ್ಯಾಡ್ರಿ," ಎಂದು ನಸೀಮಾ ಎಚ್ಚರಿಸಿದಳು. "ಪಾಳಿ ಪ್ರಕಾರ ಒಬ್ರು ಕೂಡ್ರಿ."

ಹಗಲಿನ ಪಾಳಿಯನ್ನೆಲ್ಲ ಪಲ್ಲವಿಯಜ್ಜಿ ತಾನೇ ತೆಗೆದುಕೊಂಡಳು. ಮಂಚದ ಪಕ್ಕ ಕುರ್ಚಿ ಹಾಕಿ, ಹಳೆಯ ಅಭ್ಯಾಸದಂತೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಮನೆ ಮುಂದೆ ಬಸ್ಸುಗಳು ಹೋದವು, ಅಡುಗೆಮನೆಯಲ್ಲಿ ಮಿಕ್ಸರ್ ಗುರುಗುಟ್ಟಿತು, ಪಕ್ಕದ ಮನೆಯವರು ಗೋಡೆ ಕೊರೆದರು. ಮಂಚ ತುಟಿಪಿಟಕ್ಕೆನ್ನಲಿಲ್ಲ. "ಇದು ಕೆಟ್ಟು ಕೂತೈತೇನವ್ವಾ?" ಎಂದು ನೀಲಮ್ಮ ದಿನಕ್ಕೆ ನಾಲ್ಕು ಸಲ ಕೇಳಿದಳು. ಅಜ್ಜಿಗೂ ಅದೇ ಅನುಮಾನ.

ಆರನೆಯ ದಿನ ಮಧ್ಯಾಹ್ನ ಓಣಿಯಲ್ಲಿ ಮದುವೆಯ ಮೆರವಣಿಗೆ ಬಂತು. ಬ್ಯಾಂಡು, ಝಾಂಜು, ಪಟಾಕಿ. ಕಿಟಕಿಯ ಗಾಜುಗಳೆಲ್ಲ ಗದಗದ ನಡುಗಿದವು. ರಸ್ತೆ ಕಟ್ಟಿತೇ ಎಂದು ನೋಡುವುದು ಬಸ್ಸಿನವರ ಚಟ. ಅಜ್ಜಿ ಕುರ್ಚಿಯಲ್ಲೇ ಕಿಟಕಿಯತ್ತ ತಿರುಗಿದಳು. ಅದೇ ಹೊತ್ತಿಗೆ ಬೆನ್ನ ಹಿಂದಿನಿಂದ ದನಿ ಬಂತು.

"ಎರಡನೆಯ ಮಗುವಿನ ಉಸಿರು ನೋಡಿ."

ಈ ಗದ್ದಲಕ್ಕೆ ಕೂಗಿರಬೇಕು, ಸುಳ್ಳೇ ಇರಬೇಕು ಅನ್ನಿಸಿತು. ಆದರೆ ಆರು ದಿನ ಬಾಯಿ ಬಿಡದಿದ್ದ ಮಂಚ ಈಗ ಬಿಟ್ಟಿತ್ತು. ಅಜ್ಜಿ ತಿರುಗಿದಳು. ಹೊನ್ನವ್ವನ ತುಟಿ ನೇರಳೆಗಟ್ಟಿತ್ತು. ಎದೆ ಅಲುಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕಲಿಸಿದಂತೆ ಅಂಗಾಲಿಗೆ ಬೆರಳಿನಿಂದ ಟಕ್ಕೆಂದು ಹೊಡೆದಳು. ಏನೂ ಆಗಲಿಲ್ಲ. "ಏ ಹೊನ್ನಿ!" ಎಂದು ಇನ್ನೊಮ್ಮೆ ಹೊಡೆದಳು. ಕೂಸು ಬೆಚ್ಚಿತು, ಉಸಿರೆಳೆದುಕೊಂಡಿತು, ಆಮೇಲೆ ಬ್ಯಾಂಡಿನವರೂ ನಾಚುವಂತೆ ಕಿರುಚಿತು. ಆ ಕಿರುಚಾಟ ಕೇಳಿ ಅಜ್ಜಿಗೆ ಆದ ಸಂತೋಷ ಮಾತಿಗೆ ಸಿಗುವಂಥದ್ದಲ್ಲ. ಕೂಸನ್ನು ಎದೆಗೊತ್ತಿಕೊಂಡು ತಾನೂ ಗಟ್ಟಿಯಾಗಿ ಅತ್ತುಬಿಟ್ಟಳು. ಸಂಜೆ ಪರೀಕ್ಷಿಸಿದ ಡಾಕ್ಟರು, "ಹೀಗಾಗುವುದುಂಟು. ಸಮಯಕ್ಕೆ ನೋಡಿದಿರಿ, ಇನ್ನು ಭಯವಿಲ್ಲ" ಎಂದರು.

ಒಂಬತ್ತನೆಯ ದಿನ ನಸೀಮಾ ಹೊಸ ಮಂಚ ಹೊರಿಸಿಕೊಂಡು ಬಂದಳು. ಹಳೆಯದನ್ನು ಬಿಚ್ಚುವ ಮೊದಲು ಅದರ ದಿನಚರಿಯನ್ನು ತೆರೆದು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನೆಲದ ಮೇಲೇ ಕೂತುಬಿಟ್ಟಳು.

"ಒಂಬತ್ತು ದಿನದಾಗ ಒಂದs ಕೂಗು. ಅದೂ ಖರೇ ಕೂಗು. ಅಮ್ಮಾರ, ನಮ್ಮ ಪ್ರಯೋಗಶಾಲ್ಯಾಗ ಆರು ವರ್ಷ ತಿಣುಕೇವ್ರಿ, ಇದು ಬಂದಿಲ್ಲ."

"ಅಂವ ಉಸಿರಾಡೂದಿಲ್ಲಲ್ರಿ," ಎಂದಳು ಪಲ್ಲವಿಯಜ್ಜಿ ನಿಧಾನವಾಗಿ. ಹೇಳುತ್ತ ಹೇಳುತ್ತ ಆಕೆಗೇ ತಿಳಿಯುತ್ತ ಬಂತು. "ಆ ಮುಕ್ಕಾಲು ತಾಸು ಮಂಚಕ್ಕ ಕೇಳಿಸಿದ್ದೆಲ್ಲಾ ಬರೇ ಮನೀ ನಡುಕ. ಬಸ್ಸು, ಮಿಕ್ಸರು, ನಮ್ಮ ಹಾಡು. ಅದನ್ನೆಲ್ಲಾ ಗುಂಡಪ್ಪನ ಉಸಿರು ಅಂತ ಬರ್ಕೊಂಡೈತಿ, ಆಮ್ಯಾಲೆ ಬಂದ ಹೊಸ ನಡುಕಾನೂ ಅವನ ಲೆಕ್ಕಕ್ಕs ಹಾಕೈತಿ. ಅದರ ಮ್ಯಾಲೆ ಉಳಿದಿದ್ದು ಎಷ್ಟೈತೋ ಅಷ್ಟೂ ಕೂಸಿಂದು."

"ಖಾಲಿ ಬಸ್ಸು!" ನಸೀಮಾ ಹಣೆ ಬಡಿದುಕೊಂಡಳು. "ಭಾರ ಇರೋ ಖಾಲಿ ಬಸ್ಸು. ಕಾರ್ಖಾನ್ಯಾಗ ನಾವೂ ತೂಕದ ಕಲ್ಲು ಇಟ್ಟೇವ್ರಿ. ಆದ್ರ ಒಂದೊಂದು ಮನಿ ಒಂದೊಂದು ಥರಾ ನಡಗತೈತಿ, ಕಲ್ಲು ಮನ್ಯಾಗs ಮಲಗಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ ನೋಡ್ರಿ."

ಹೊಸ ಮಂಚ ಬಂದ ಹಾಗೇ ವಾಪಸು ಹೋಯಿತು.

ಆರು ತಿಂಗಳು ಕಳೆಯುವಷ್ಟರಲ್ಲಿ ಪ್ರತಿ ಕಾವಲುಮಂಚದ ಪೆಟ್ಟಿಗೆಯಲ್ಲೂ ನುಣುಪಾದ ಕರಿಯ ಕಲ್ಲೊಂದು ಬರತೊಡಗಿತು. ಕೈಪಿಡಿಗೆ ಅರವತ್ತೊಂದನೆಯ ಪುಟ ಸೇರಿತು: ‘ಮೊದಲು ಕಲ್ಲಿಗೆ ಬಿಸಿನೀರಿನ ಸ್ನಾನ ಮಾಡಿಸಿ, ಉಣ್ಣೆಯ ಬಟ್ಟೆ ತೊಡಿಸಿ, ಹೆಸರಿಟ್ಟು ಕರೆದು ಮಲಗಿಸಿ. ಆಮೇಲೆ ಅಡಿಯ ಬುಟ್ಟಿಗೆ ವರ್ಗಾಯಿಸಿ.’ ಹಾಡು ಬೇಕೇ ಎಂಬ ಬಗ್ಗೆ ಎಂಜಿನಿಯರುಗಳಲ್ಲಿ ದೊಡ್ಡ ಚರ್ಚೆಯಾಯಿತು. ಬೇಕೆಂದೇ ತೀರ್ಮಾನವಾಯಿತು, ಏಕೆಂದರೆ ಮನೆಯವರ ದನಿಯ ನಡುಕವನ್ನೂ ಮಂಚ ಕಲಿಯಬೇಕಲ್ಲ. ದೂರದ ಹಿಮದ ನಾಡುಗಳಲ್ಲಿ ಕೋಟು ತೊಟ್ಟ ಅಪ್ಪಂದಿರು ಕಲ್ಲಿಗೆ ಎಣ್ಣೆ ಹಚ್ಚಿ ಜೋಗುಳ ಹಾಡತೊಡಗಿದರು. ಸುಳ್ಳು ಕೂಗು ನಿಂತಿತು. ಮಂಚವನ್ನು ಬಂದ್ ಮಾಡಿಡುವವರೂ ಇಲ್ಲವಾದರು.

ಹೊನ್ನವ್ವನ ಮೊದಲ ಹುಟ್ಟುಹಬ್ಬ ಬಂತು. ಅವಳು ಕಂಬಿ ಹಿಡಿದು ನಿಲ್ಲುವಷ್ಟಾಗಿದ್ದಳು, ಮಂಚದ ಕೆಲಸ ಮುಗಿದಿತ್ತು. ಅಂದು ಬೆಳಿಗ್ಗೆ ಮಂಚದ ವಾರ್ಷಿಕ ವರದಿ ಫೋನಿಗೆ ಬಂದದ್ದನ್ನು ನೀಲಮ್ಮ ಎಲ್ಲರೆದುರು ಗಟ್ಟಿಯಾಗಿ ಓದಿದಳು.

"‘ಎರಡನೆಯ ಮಗು ಹೊನ್ನವ್ವ: ತೂಕ ಒಂಬತ್ತು ಕಿಲೋ. ಬೆಳವಣಿಗೆ ಅತ್ಯುತ್ತಮ. ಮೊದಲನೆಯ ಮಗು ಗುಂಡಪ್ಪ: ವರ್ಷವಿಡೀ ಒಂದು ಗ್ರಾಮೂ ಹೆಚ್ಚಿಲ್ಲ. ಮಗ್ಗುಲು ಬದಲಿಸಿಲ್ಲ. ಒಮ್ಮೆಯೂ ಅತ್ತಿಲ್ಲ. ಯಾರೂ ಎತ್ತಿಕೊಂಡಂತೆ ಕಾಣುವುದಿಲ್ಲ. ಮನೆಯವರು ದಯವಿಟ್ಟು ದೊಡ್ಡ ಮಗುವಿನ ಕಡೆಗೂ ಗಮನ ಕೊಡಬೇಕು.’"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಲ್ಲವಿಯಜ್ಜಿಯೂ ನಕ್ಕಳು. ನಗುತ್ತಲೇ ಎದ್ದು ಹೋಗಿ ಬುಟ್ಟಿ ಬಿಚ್ಚಿ ಗುಂಡಪ್ಪನನ್ನು ಎತ್ತಿಕೊಂಡಳು. ಬಚ್ಚಲಿಗೆ ಒಯ್ದು ಬಿಸಿನೀರು ಹೊಯ್ದಳು, ಎಣ್ಣೆ ಹಚ್ಚಿದಳು, ಹೊಸ ಕುಂಚಿಗೆ ತೊಡಿಸಿದಳು. ಹೊನ್ನವ್ವನ ಪಕ್ಕ ಮಣೆಯ ಮೇಲೆ ಕೂರಿಸಿ, ಆರತಿಯನ್ನು ಮೊದಲು ದೊಡ್ಡವನಿಗೆ ಬೆಳಗಿ ಆಮೇಲೆ ಚಿಕ್ಕವಳಿಗೆ ಬೆಳಗಿದಳು.

ಒಳಕೋಣೆಯಿಂದ ಮಂಚ ಗಾಬರಿಯಿಂದ ಕೂಗಿತು. "ಗುಂಡಪ್ಪ ಎಲ್ಲಿ? ಗುಂಡಪ್ಪ ಎಲ್ಲಿ?"

"ಇಲ್ಲೇ ಅದಾನ ತಾಯಿ, ನನ್ನ ಹಂತ್ಯಾಕ," ಎಂದು ಪಲ್ಲವಿಯಜ್ಜಿ ಕೂಗಿ ಹೇಳಿದಳು. "ವರ್ಷ ಪೂರ್ತಿ ಎಚ್ಚರಿದ್ದಿ. ಇನ್ನರೆ ನೀನೂ ಸ್ವಲ್ಪ ಮಲ್ಕೋ."