ಏಳನೇ ಕಂಪ್ಯೂಟರಿನವರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಕೋಡ್ ಬರೆದವಳು ನಾನೇ. ನಮ್ಮ ಆಫೀಸಿನವರೆಲ್ಲ ಬೆಂಕಿ ಸುರಕ್ಷತೆಯ ಪಾಠದ ವಿಡಿಯೋ ಹಾಕಿಟ್ಟು, ಇನ್ನೊಂದು ಟ್ಯಾಬಿನಲ್ಲಿ ಚಪ್ಪಲಿ ಆರಿಸುತ್ತ ಕೂರುತ್ತಿದ್ದರು. ಟ್ಯಾಬ್ ಬದಲಿಸಿದ ಕ್ಷಣವೇ ವಿಡಿಯೋ ನಿಂತು, ಆ ಕಂಪ್ಯೂಟರಿನ ನಂಬರು ನನ್ನ ಪಟ್ಟಿಗೆ ಬೀಳುವಂತೆ ಮಾಡಿದೆ. ಎಲ್ಲರೂ ಹಿಡಿಶಾಪ ಹಾಕಿದರು.

ಎರಡು ಗಂಟೆಯ ಪಾಠದಲ್ಲಿ ಒಮ್ಮೆಯೂ ಅತ್ತಿತ್ತ ಹೋಗದವರು ಒಬ್ಬರೇ: ಏಳನೇ ಕಂಪ್ಯೂಟರಿನವರು.

"ಅಪರೂಪದ ಮನುಷ್ಯ ಕಣಮ್ಮ! ಕರ್ಕೊಂಡು ಬಾ, ಬಹುಮಾನ ಕೊಡೋಣ," ಎಂದರು ಮ್ಯಾನೇಜರು. "ಸಿಗಲಿಲ್ಲ ಅಂದ್ರೆ ನಿನ್ನ ಕೋಡೇ ಬೋಗಸ್ ಅಂತೀನಿ, ನೋಡು."

ಏಳನೆಯದು ಮೂಲೆಯಲ್ಲಿತ್ತು. ರಿಪೇರಿಗೆಂದು ಅದರ ವೈರು ಕಿತ್ತು ತಿಂಗಳಾಗಿತ್ತು. ಪರದೆಯ ಮೇಲೆ ಬೆರಳು ದಪ್ಪ ಧೂಳು. ಕುರ್ಚಿ ಎಳೆಯಲು ಕೈಯಿಟ್ಟೆ. ಸೀಟು ಬೆಚ್ಚಗಿತ್ತು.

ಎದ್ದೆನೋ ಬಿದ್ದೆನೋ ಎಂದು ನನ್ನ ಜಾಗಕ್ಕೆ ಓಡಿ, ಪಾಠದ ಕೊನೆಯ ಪರೀಕ್ಷೆಯ ಉತ್ತರಗಳನ್ನು ತೆರೆದೆ. ಏಳನೆಯವರಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು. ಇಡೀ ಆಫೀಸಿಗೇ ಮೊದಲು. ತಪ್ಪಿದ್ದು ಒಂದೇ ಪ್ರಶ್ನೆ: 'ಅಪಾಯದ ಗಂಟೆ ಹೊಡೆದ ಕೂಡಲೇ ಕುರ್ಚಿ ಬಿಟ್ಟು ಏಳುತ್ತೀರಾ?'

'ಇಲ್ಲ' ಎಂದು ಉತ್ತರಿಸಿದ್ದರು.