ಮೋಟರಿನ ಮೇಲೆ ಬರೆದ ‘ಹೊ’

“ಡುಪ್ಲಿಕೇಟ್ ಹಾಕೋದಾದ್ರ ಮುಟ್ಟಬ್ಯಾಡ್ರಿ.”

ಅಂಜನಾ ಆ ಅಂಗಡಿಯೊಳಗೆ ಕಾಲಿಟ್ಟು ಆಡಿದ ಮೊದಲ ಮಾತೇ ಅದು.

ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಓಣಿಯಲ್ಲಿ, ಟೈಲರ್ ಅಂಗಡಿಗೂ ಹಾಲಿನ ಡೇರಿಗೂ ನಡುವೆ ಒತ್ತರಿಸಿ ನಿಂತಂಥ ಸಣ್ಣ ಮಳಿಗೆ. ಡ್ರೋನ್ ರಿಪೇರಿ ಅಂತ ಒಂದು ಬೋರ್ಡು. ಮೇಜಿನ ಹಿಂದೆ ಕೂತಿದ್ದ ಗವಿಸಿದ್ದೇಶ್ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸ್ಕ್ರೂ ಬಿಗಿ ಮಾಡಿ ಮುಗಿಸಿ, ಆಮೇಲೆ ನೋಡಿದ.

“ಇನ್ನೂ ಮುಟ್ಟಿಲ್ಲಲ್ಲರಿ ಮೇಡಂ.”

ಅವಳು ಜೀನ್ಸ್ ಬಟ್ಟೆಯಲ್ಲಿ ತಾನೇ ಹೊಲಿದ ಚೀಲದಿಂದ ಡ್ರೋನ್ ತೆಗೆದು ಮೇಜಿನ ಮೇಲಿಟ್ಟಳು. ತನ್ನೂರು ಕರೂರಿನ ಹೊಲದ ಬದುವಿನ ಬೇವಿನ ಮರಕ್ಕೆ ಬಡಿದು ನಾಲ್ಕು ಮೋಟರುಗಳಲ್ಲಿ ಒಂದು ಜಜ್ಜಿಹೋಗಿತ್ತು.

ಅವನು ಅದನ್ನು ತಿರುವಿ ನೋಡಿ ನಿಧಾನವಾಗಿ ಹೇಳಿದ. ಕಂಪನಿಯ ಮೋಟರ್ ಇಲ್ಲಿಗೆ ಬರುವುದೇ ಕಷ್ಟ. ಬಂದರೂ ತಿಂಗಳುಗಟ್ಟಲೆ ಕಾಯಬೇಕು. ಸೀಲ್ ಆದ ಡಬ್ಬಿಯಲ್ಲಿ ಬಂದದ್ದೆಲ್ಲ ಕಂಪನಿಯದೇ ಅಂತ ತಾನು ಆಣೆ ಮಾಡಲಾರೆ. ಬ್ಯಾಟರಿ ಮಾತ್ರ ಹೊರಗಿನದು ಹಾಕುವುದಿಲ್ಲ, ಅವು ಉಬ್ಬುತ್ತವೆ. ಆದರೆ ಮೋಟರ್, ರೆಕ್ಕೆ ಇಂಥವು ಬೇರೆಯವರು ಮಾಡಿದ್ದೂ ಚೆನ್ನಾಗಿರುತ್ತವೆ, ತಾನೇ ಹಾರಿಸಿ ನೋಡಿದ್ದೇನೆ ಅಂದ.

ಅಂಜನಾಗೆ ಈ ಮಾತೆಲ್ಲ ಕಳಪೆ ಸಾಮಾನು ಸಾಗಹಾಕುವವರ ಮಾತಿನಂತೆ ಕೇಳಿಸಿತು. ತಾನು ಜೀನ್ಸ್ ಯೂನಿಟ್ಟಿನಲ್ಲಿ ತಯಾರಾದ ಪ್ಯಾಂಟು ಚೆಕ್ ಮಾಡುವವಳು, ಒಂದು ಗುಂಡಿ ಸಡಿಲಿದ್ದರೂ ರಿಜೆಕ್ಟ್ ಮಾಡುತ್ತೇನೆ, ತನ್ನ ಕಣ್ಣಿಗೆ ಮಣ್ಣೆರಚುವುದು ಆಗದ ಮಾತು ಅಂದಳು.

“ನಿಮ್ಮ ಪ್ಯಾಂಟಿನ ಜಿಪ್ಪು ಯಾರು ಮಾಡತಾರ್ರಿ? ನಿಮ್ಮ ಯೂನಿಟ್ಟಿನ್ಯಾಗ ಮಾಡತಾರೇನು?”

ಜಿಪ್ಪು ಬರುವುದು ಹೊರಗಿನಿಂದಲೇ. ಅದು ನಿಜ ಅಂತಲೇ ಅವಳಿಗೆ ಸಿಟ್ಟು ಬಂತು.

*ಎಂಥಾ ಸೊಕ್ಕು ಈ ಮನುಷ್ಯಂಗ...*

ಆದರೂ ಎದ್ದು ಹೋಗುವಂತಿರಲಿಲ್ಲ. ಊರಲ್ಲಿ ಅವ್ವ ಚನ್ನಬಸಮ್ಮ ಕಾಯುತ್ತಿದ್ದಳು. ಮೊಣಕಾಲು ಹೋದಮೇಲೆ ಹೊಲ ಅನ್ನುವುದು ಅವಳಿಗೆ ಬೇರೆ ಊರಿನಷ್ಟು ದೂರವಾಗಿತ್ತು. ಅಂಜನಾ ಹುಚ್ಚಿಗೆ ಕೊಂಡ ಡ್ರೋನು ಒಂದು ಭಾನುವಾರ ಅವರ ಭತ್ತದ ಗದ್ದೆಯ ಮೇಲೆ ಹಾರಿತು. ಹೊರಸಿನ ಮೇಲೆ ಕೂತು ಮಗಳ ಫೋನಿನಲ್ಲಿ ಹೊಲ ನೋಡಿದ ಮುದುಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಮೂಲೆಯ ಮಡಿಗೆ ನೀರು ಹತ್ತಿಲ್ಲ ಅಂತ ಆಳುಗಳನ್ನು ಬೈದಳು. ಅಂದಿನಿಂದ ಅದು ಅವಳ ಬಾಯಲ್ಲಿ ‘ನಮ್ಮ ಹುಳ’.

“ಹಾಕ್ರಿ,” ಅಂದಳು ಅಂಜನಾ, ಹಲ್ಲು ಕಚ್ಚಿ.

ಅವನು ಹೊಸ ಮೋಟರ್ ಕೂರಿಸಿದ. ನಂತರ ಬಿಳಿ ಶಾಯಿಯ ಪೆನ್ನು ತೆಗೆದು ಅದರ ಕಪ್ಪು ಮೈಮೇಲೆ ಪುಟ್ಟದಾಗಿ ‘ಹೊ’ ಅಂತ ಬರೆದ.

“ಇದೇನ್ರಿ?”

“ಹೊರಗಿನದು ಅಂತ. ನಾಳೆ ನೀವು ಮಾರಿದ್ರ ತಗಳ್ಳೋರಿಗೆ ಗೊತ್ತಿರಬೇಕಲ್ಲ.”

“ನಾ ಮಾರೋದಿಲ್ಲ.”

“ಹಂಗಾರ ನಿಮಗರ ಗೊತ್ತಿರಲಿ.”

ಅಂದು ಬಳ್ಳಾರಿಯ ತನ್ನ ಬಾಡಿಗೆ ರೂಮಿಗೆ ಹೋಗಿ ಉಗುರುಬಣ್ಣ ತೆಗೆಯುವ ದ್ರವ ಹಚ್ಚಿ ತಿಕ್ಕಿದಳು. ಆ ಅಕ್ಷರ ಹೋಗಲಿಲ್ಲ.

ಊರಲ್ಲಿ ಚನ್ನಬಸಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು ಓದಿದಳು. ಹೊ ಅಂದರೆ ಹೊಂದತೈತಿ ಅಂತೇನು ಅಂದು ಕೇಳಿದಳು. ಸೊಕ್ಕಿನ ಮನುಷ್ಯನ ಕೈಬರಹ, ಅದರ ಅರ್ಥ ಕಟ್ಟಿಕೊಂಡು ಏನಾಗಬೇಕು ಅಂದುಕೊಂಡಳು ಅಂಜನಾ.

ಆದರೆ ಡ್ರೋನು ಹಾರಿತು. ಗಾಳಿಗೂ ಅಲುಗದೆ ನಿಂತಿತು.

ಆಮೇಲೆ ಅವಳಿಗೆ ಆ ಓಣಿಗೆ ಹೋಗಲು ನೆಪಗಳು ಸಿಗತೊಡಗಿದವು. ಒಮ್ಮೆ ರೆಕ್ಕೆ ಬೇಕಾಯಿತು. ಒಮ್ಮೆ ಚಾರ್ಜರಿನ ವೈರು. ಹೋದಾಗಲೆಲ್ಲ ಜಗಳ. ಅವನು ಒರಿಜಿನಲ್ ಅಂದರೆ ಇವಳು ಬೇಡ ಅನ್ನುವಳು, ಹೊರಗಿನದು ಅಂದರೆ ಅದಕ್ಕೂ ಹೆಸರಿಡುವಳು. ಟೈಲರ್ ಜಡೆಮ್ಮ ಪಕ್ಕದ ಗೋಡೆಯಾಚೆಯಿಂದಲೇ, ಬಂದಳಪ್ಪ ನಿನ್ನ ಪೊಲೀಸು ಅಂತ ಕೂಗಿ ಹೇಳುವಳು. ಅವನು ಎದುರಿನ ಕುರ್ಚಿಯ ಮೇಲೆ ಪೇರಿಸಿದ ಡಬ್ಬಿಗಳನ್ನು ಅವಳಿಗಾಗಿ ಕೆಳಗಿಡುವನು.

*ನಾನು ಜಗಳಕ್ಕಂತನಾ ಹೋಗ್ತಿದೀನೇನು...* ಒಂದು ಸಲ ಊರಿಗೆ ಹೋಗುವ ಸಿರುಗುಪ್ಪದ ಬಸ್ಸಿನಲ್ಲಿ ಕೂತು ಹೀಗೆ ಕೇಳಿಕೊಂಡು, ಕಿಟಕಿಯಾಚೆ ಮುಖ ತಿರುಗಿಸಿದಳು.

ಮಹಾನವಮಿ ಕಳೆದ ಭಾನುವಾರ ಡ್ರೋನು ಬಿತ್ತು.

ತೆನೆ ಬಾಗಿದ ಭತ್ತದ ಮೇಲೆ ಹಾರುತ್ತಿದ್ದದ್ದು ಇದ್ದಕ್ಕಿದ್ದಂತೆ ಒಂದು ಕಡೆ ವಾಲಿತು. ಚನ್ನಬಸಮ್ಮನ ಕೈಯಲ್ಲಿದ್ದ ಫೋನಿನಲ್ಲಿ ಹಸಿರು ಸುತ್ತಿತು, ಆಕಾಶ ಸುತ್ತಿತು, ಎಲ್ಲ ಕಪ್ಪಾಯಿತು. ನಮ್ಮ ಹುಳ ಸತ್ತಿತೇನು ಅಂತ ಮುದುಕಿ ಮತ್ತೆ ಮತ್ತೆ ಕೇಳಿದಳು.

ನಿಂತುಹೋದದ್ದು ‘ಹೊ’ ಬರೆದಿದ್ದ ಮೋಟರೇ.

ಮರುದಿನ ಅವ್ವನನ್ನು ಮೊಣಕಾಲಿನ ಡಾಕ್ಟರಿಗೆ ತೋರಿಸಲು ಬಳ್ಳಾರಿಗೆ ಕರೆದುಕೊಂಡು ಬಂದಿದ್ದ ಅಂಜನಾ, ಆಸ್ಪತ್ರೆಯಿಂದ ನೇರವಾಗಿ ಅವಳೊಂದಿಗೇ ಆ ಅಂಗಡಿಗೆ ಹೋದಳು. ಒಳಗೆ ಮದುವೆ ಫೋಟೋ ತೆಗೆಯುವ ಹುಡುಗರು ಇದ್ದರು. ಅವರೆಲ್ಲರ ಮುಂದೆ ಡ್ರೋನನ್ನು ಮೇಜಿಗೆ ಬಡಿದಿಟ್ಟಳು.

“ಏನ್ ಹೇಳಿದ್ರಿ ಅವತ್ತು? ಚೆನ್ನಾಗಿರತಾವ ಅಂದ್ರಿ. ನಂಬಿದ್ದೆ ನಾನು.”

ಕೊನೆಯ ಮಾತಿಗೆ ದನಿ ಒಡೆಯಿತು. ಅದು ಅವಳಿಗೇ ಇಷ್ಟವಾಗಲಿಲ್ಲ.

ಅವನು ಮೋಟರ್ ಬಿಚ್ಚಿದ. ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಚನ್ನಬಸಮ್ಮನನ್ನು ನೋಡಿದ. ಅವಳ ಹಣೆಯ ಬಿಳಿ ಪಟ್ಟೆಯನ್ನು ನೋಡಿದ. ಮೋಟರನ್ನು ಅಂಗೈಯಲ್ಲಿ ಮುಚ್ಚಿಕೊಂಡ.

“ಏನೈತ್ರಿ ಒಳಗ?” ಅಂಜನಾ ಕೇಳಿದಳು.

“ಏನಿಲ್ಲ. ನಾ ಹಾಕಿದ ಮೋಟರ್ ಸರಿ ಇರಲಿಲ್ಲ. ತಪ್ಪು ನಂದು.”

ಅವನು ಎದುರಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಎದೆಗೆ ಚುಚ್ಚಿತು. ಮೊದಲೇ ಗೊತ್ತಿದ್ದೂ ಹಾಕಿದನೇ ಹಾಗಾದರೆ?

ಕೆಟ್ಟ ಮೋಟರನ್ನು ಅವನ ಮೇಜಿನ ಮೇಲೇ ಬಿಟ್ಟು, ಆಟೋ ಹುಡುಕಲು ಹೊರಗೆ ನಡೆದಳು. ಬಸ್ ಸ್ಟ್ಯಾಂಡಿಗೆ ಹೋಗುವ ಆಟೋದಲ್ಲೇ ಜಿಲ್ಲೆಯ ಡ್ರೋನ್ ಹವ್ಯಾಸಿಗಳ ವಾಟ್ಸಪ್ ಗ್ರೂಪಿಗೆ ತನ್ನ ದನಿ ಮುದ್ರಿಸಿ ಕಳಿಸಿದಳು. ಕೋಟೆ ಗುಡ್ಡದ ಕೆಳಗಿನ ಗವಿಸಿದ್ದೇಶ್ ಗೊತ್ತಿದ್ದೂ ಕೆಟ್ಟ ಡುಪ್ಲಿಕೇಟ್ ಹಾಕುತ್ತಾನೆ, ತಾನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ, ಯಾರೂ ಹೋಗಬೇಡಿ ಅಂತ. ಆಮೇಲೆ ಅವನ ನಂಬರ್ ಬ್ಲಾಕ್ ಮಾಡಿದಳು.

ಕೇಳಿದವರು ಕೇಳಿಸಿದರು. ಯಾರೋ ‘ಡುಪ್ಲಿಕೇಟ್ ಗವಿ’ ಅಂತ ಹೆಸರಿಟ್ಟರು. ಹೆಸರು ಅವನಿಗಿಂತ ಮುಂಚೆ ಓಣಿ ತಿರುಗಿತು.

ದೀಪಾವಳಿ ಮುಗಿದಮೇಲೆ ಒಂದು ಸಂಜೆ ಅವಳು ಆ ದಾರಿಯಲ್ಲಿ ಹೋದಾಗ ಶಟರ್ ಎಳೆದಿತ್ತು, ಬೋರ್ಡು ಇರಲಿಲ್ಲ. ಖಾಲಿ ಮಾಡಿ ತನ್ನೂರು ಕುರುಗೋಡಿಗೆ ಹೋದ ಅಂದಳು ಜಡೆಮ್ಮ. ಅಷ್ಟೇ ಹೇಳಿ ಹೊಲಿಗೆ ಯಂತ್ರ ಜೋರಾಗಿ ತುಳಿದಳು.

ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ.

ಕಂಪನಿಯ ಮೋಟರಿಗೆ ಆರ್ಡರ್ ಹಾಕಿದ್ದು ಕೊನೆಗೂ ಬಂತು. ಸೀಲ್ ಆದ ಡಬ್ಬಿ, ಹೊಳೆಯುವ ಚೀಟಿ. ಬಳ್ಳಾರಿಯ ಇನ್ನೊಬ್ಬ ರಿಪೇರಿಯವ ದುರ್ಗೇಶ್ ಅದನ್ನು ಹಾಕಿಕೊಟ್ಟ. ಡ್ರೋನು ಹಾರಿತು. ಅವ್ವನ ಕಣ್ಣಮುಂದೆ ಹೊಲ ಮರಳಿತು.

ಎಳ್ಳಮಾವಾಸ್ಯೆ ಆಯಿತು. ಅದರ ಮರು ಭಾನುವಾರ ಡ್ರೋನು ಮತ್ತೆ ಬಿತ್ತು. ನಿಂತದ್ದು ಒರಿಜಿನಲ್ ಮೋಟರ್.

ದುರ್ಗೇಶ್ ಬಿಚ್ಚಿ ನೋಡಿ, ಉಗುರಿನಿಂದ ಕೆರೆದು ಮೂಸಿದ.

“ಇದಕ್ಕೇನ್ ಹಚ್ಚೀರಕ್ಕ? ವಿಭೂತಿ ಗಟ್ಟಿ ಆಗಿ ಕುಂತೈತಲ್ಲ ಒಳಗ.”

ಅಂಜನಾ ಮೋಟರನ್ನು ಅವನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದಳು.

ಆ ಸಂಜೆಯೇ ಊರಿಗೆ ಹೋದಳು. ಬೈಯಲಿಲ್ಲ. ಅವ್ವನ ಕಾಲು ಒತ್ತುತ್ತಾ, ಹುಳಕ್ಕೆ ಪೂಜೆ ಮಾಡುತ್ತೀಯೇನು ಅಂತ ಸುಮ್ಮನೆ ಕೇಳುವವಳಂತೆ ಕೇಳಿದಳು.

ಚನ್ನಬಸಮ್ಮ ಸಿಕ್ಕಿಬಿದ್ದ ಮಗುವಿನಂತೆ ನಕ್ಕಳು. ಮಹಾನವಮಿಗೆ ಮಾಡಿದ್ದಳು, ಎಳ್ಳಮಾವಾಸ್ಯೆಗೂ ಮಾಡಿದ್ದಳು. ವಿಭೂತಿಯನ್ನು ನೀರಲ್ಲಿ ಕಲಸಿ ಪಟ್ಟೆ ಎಳೆಯುವುದು, ಮಗಳು ಬೈದಾಳು ಅಂತ ಆಮೇಲೆ ಮೇಲೆಲ್ಲ ಒರೆಸಿಡುವುದು. ಹಳೆಯ ಮೋಟರುಗಳಿಗೆ ಬರೀ ಬೊಟ್ಟು ಮುಟ್ಟಿಸಿದರೆ ಸಾಕು. ಹೊಸದಾಗಿ ಬಂದದ್ದಕ್ಕೆ ದೃಷ್ಟಿ ಬೇಗ ಆಗುತ್ತದೆ, ಅದಕ್ಕೆ ಮಾತ್ರ ಕೈತುಂಬ ಹಚ್ಚುವುದು.

“ಆ ಅಂಗಡಿ ಹುಡುಗನ್ನೂ ಕೇಳಿದ್ದೆ. ನೀ ಆಟೋ ನೋಡಾಕ ಹೋಗಿದ್ದೆಲ್ಲ, ಆವಾಗ. ನನ್ನ ಪೂಜಿಯಿಂದ ಏನಾರ ಆತೇನಪ್ಪ ತಮ್ಮ ಅಂದೆ. ಇಲ್ಲ ಯವ್ವಾ, ನಿನ್ನ ಪೂಜಿಯಿಂದಲೇ ಇಷ್ಟು ದಿನ ಹಾರೇತಿ ಅಂದ. ಭಾಳ ಚಲೋ ಹುಡುಗ. ನೀನಾ ಸುಮ್ಮನ ಬೈದಿ.”

ಅಂಜನಾ ಅವ್ವನ ಪಾದದ ಮೇಲೆ ತಲೆ ಬಗ್ಗಿಸಿದಳು. ಅಳು ಕಾಣಬಾರದು ಅಂತ.

ಬೆಳಿಗ್ಗೆ ಸಿರುಗುಪ್ಪದಿಂದ ಕುರುಗೋಡಿನ ಬಸ್ಸು ಹತ್ತಿದಳು. ಬಸ್ಸು ಕಾಲುವೆಯ ಹಸಿರು ಬಿಟ್ಟು ಬಂಡೆಗಲ್ಲಿನ ಗುಡ್ಡಗಳ ಕಡೆ ಹೊರಳುವಾಗ ಫೋನನ್ನು ಬಾಯ ಹತ್ತಿರ ಹಿಡಿದು, ಪಕ್ಕದವರು ತಿರುಗಿ ನೋಡಿದರೂ ಬಿಡದೆ ಮಾತಾಡಿ ಮುಗಿಸಿದಳು.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಔಷಧಿ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದ. ಗಡ್ಡ ಬಿಟ್ಟಿದ್ದ. ಅವಳನ್ನು ಕಂಡು ಏಳಲಿಲ್ಲ.

“ಇಲ್ಲಿ ಡ್ರೋನ್ ರಿಪೇರಿ ಮಾಡಾಂಗಿಲ್ಲ. ಬಳ್ಳಾರಿಗೆ ಹೋಗ್ರಿ.”

“ಬೂದಿ ಕಂಡಿತ್ತು ನಿಮಗ.”

ಅವನ ಕೈ ನಿಂತಿತು.

“ಕಂಡಿತ್ತು.”

“ಮತ್ಯಾಕ ಹೇಳಲಿಲ್ಲ?”

“ಹೇಳಿದ್ರ ನಿಮ್ಮವ್ವ ಮತ್ತ ಅದನ್ನ ಮುಟ್ಟತಿದ್ಲೇನು? ಅದರಾಗ ಹೊಲ ನೋಡತಿದ್ಲೇನು?”

ತನಗಾದರೂ ಹೇಳಬೇಕಿತ್ತು ಅಂದಳು ಅಂಜನಾ, ಮೆಲ್ಲಗೆ.

“ಫೋನ್ ಹಚ್ಚಿದೆ. ನೀವು ಬಸ್ ಹತ್ತೋದ್ರಾಗ ಹೇಳಬೇಕಂತ. ಅಷ್ಟೊತ್ತಿಗೇ ಬ್ಲಾಕ್ ಮಾಡಿದ್ರಿ. ಆಮ್ಯಾಲ ಗ್ರೂಪಿನ್ಯಾಗ ನಿಮ್ಮ ಮಾತು ಕೇಳಿದೆ. ಅದಾದಮ್ಯಾಲ ಹೇಳಿದ್ರ, ಹೆಸರು ಉಳಸ್ಕಳಾಕ ಮುದುಕಿ ಮ್ಯಾಲ ಹಾಕಿದ ಅಂತಿದ್ರಿ. ಅಂತಿದ್ರೋ ಇಲ್ಲೋ?”

“ಅಂತಿದ್ದೆ.”

ಆ ಪ್ರಾಮಾಣಿಕ ಉತ್ತರ ಅವನ ಸಿಟ್ಟನ್ನು ಇನ್ನೂ ಏರಿಸಿತು. ಪಂಪಿನ ನಳಿಕೆಯನ್ನು ಬದಿಗೆಸೆದ. ಊರ ಹುಡುಗರೂ ತನ್ನನ್ನು ಡುಪ್ಲಿಕೇಟ್ ಅಂತ ಕೂಗುತ್ತಾರೆ, ಹಾಕಿದ ಪ್ರತಿ ಸಾಮಾನಿನ ಮೇಲೂ ಅದು ಏನು ಅಂತ ಬರೆದುಕೊಟ್ಟವನು ತಾನು, ತನ್ನ ಮೇಲೇ ಅವಳು ಸುಳ್ಳು ಬರೆದಳು, ಅದು ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಅಂದ.

ಅವಳು ಒಂದು ಮಾತಿಗೂ ಎದುರಾಡಲಿಲ್ಲ. ಫೋನ್ ತೆಗೆದು ಕಟ್ಟೆಯ ಮೇಲಿಟ್ಟು ಒತ್ತಿದಳು. ಬಸ್ಸಿನ ಗದ್ದಲದ ನಡುವೆ ಅವಳದೇ ದನಿ ಬಂತು.

“ನಾನು ಕರೂರಿನ ಅಂಜನಾ. ಗವಿಸಿದ್ದೇಶ್ ಅವರ ಬಗ್ಗೆ ಈ ಗ್ರೂಪಿನ್ಯಾಗ ನಾ ಹೇಳಿದ್ದು ಸುಳ್ಳು. ಮೋಟರ್ ಚಲೋ ಇತ್ತು. ಅದರಾಗ ಬೂದಿ ಹೋಗಿದ್ದು ನನ್ನ ಮನ್ಯಾಗ, ನೋಡದೇ ಹಾರಿಸಿದಾಕಿ ನಾನು. ಆಮ್ಯಾಲ ಕಂಪನೀದು ಹಾಕಿಸಿದೆ, ಬೂದಿಗೆ ಅದೂ ನಿಂತಿತು. ಹೊರಗಿನದು ಹಾಕಿದ್ರ ಹೊರಗಿನದು ಅಂತ ಬರದುಕೊಡೋ ಮನುಷ್ಯ ಅವರೊಬ್ಬರೇ. ನನ್ನ ಮಾತು ಕೇಳಿ ಬಿಟ್ಟೋರು ಈ ಮಾತೂ ಕೇಳ್ರಿ.”

ಅವನು ಆ ಗ್ರೂಪಿನಿಂದ ಎಂದೋ ಹೊರಬಿದ್ದಿದ್ದ. ಅವನಿಗೆ ಇದು ಹೊಸದು. ಗುಡ್ಡದ ಕಡೆ ನೋಡುತ್ತಾ ಕೂತ.

“ನಿಮ್ಮವ್ವನ ಹೆಸರು ಹೇಳಲಿಲ್ಲ ನೀವು,” ಅಂದ ಕೊನೆಗೆ.

“ನೀವೂ ಹೇಳಲಿಲ್ಲಲ್ಲ...”

ಅವನು ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಅಂದುಕೊಂಡಳು ಅವಳು. ಚೀಲದ ಪಟ್ಟಿಯನ್ನು ಭುಜಕ್ಕೆ ಏರಿಸಿಕೊಂಡಳು.

ಮರಳಿ ಬಂದವನ ಅಂಗೈಯಲ್ಲಿ ಆ ಮೋಟರಿತ್ತು. ಬೆರಳಿನಿಂದ ತಿರುಗಿಸಿದ. ಸದ್ದಿಲ್ಲದೆ ಸುತ್ತಿತು. ಬಿಳಿಯ ‘ಹೊ’ ಸುತ್ತುತ್ತಾ ಒಂದು ಗೆರೆಯಾಗಿ, ನಿಂತಾಗ ಮತ್ತೆ ಅಕ್ಷರವಾಯಿತು.

“ಇದು ಸತ್ತಿರಲಿಲ್ಲ. ಅವತ್ತೇ ತೊಳದಿಟ್ಟೆ.”

“ಯಾಕ ಇಟ್ಕೊಂಡ್ರಿ ಮತ್ತ?”

“ಜಗಳಾಡಾಕರ ಬರ್ತೀರೇನೋ ಅಂತ.” ಅವನು ಅವಳ ಮುಖ ನೋಡಲಿಲ್ಲ. “ನೀವು ಬರೋದು ಬಿಟ್ಟಮ್ಯಾಲ ಆ ಕುರ್ಚಿ ಮ್ಯಾಲ ಮತ್ತ ಡಬ್ಬಿ ಇಡಾಕ ಮನಸ್ಸಾಗಲಿಲ್ಲ. ಸಿಟ್ಟು ಇನ್ನೂ ಐತಿ ನನಗ. ಅದೂ ಇರಲಿ, ಇದೂ ಇರಲಿ.”

ಅಂಜನಾ ಕಟ್ಟೆಯ ಮೇಲೆ, ಬಿಚ್ಚಿದ ಪಂಪಿನ ಆಚೆ ಕಡೆ ಕೂತಳು. ಚೀಲ ತೆಗೆದು ಡ್ರೋನನ್ನೂ, ಬೂದಿ ತುಂಬಿದ ಕಂಪನಿಯ ಮೋಟರನ್ನೂ ಅವನ ಮುಂದಿಟ್ಟಳು.

“ಇದನ್ನೂ ತೊಳದ್ರ ಓಡತೈತಿ,” ಅಂದ ಅವನು. “ಯಾವ್ದು ಹಾಕಲಿ?”

ಅವಳು ಅವನ ಅಂಗೈಯಲ್ಲಿದ್ದದ್ದನ್ನು ತೋರಿಸಿದಳು.

ಅವನು ಸ್ಕ್ರೂಗಳನ್ನು ಒಂದೊಂದಾಗಿ ಕೂರಿಸತೊಡಗಿದ. ಅವ್ವನಿಗೆ ಬೂದಿಯಿಂದ ಕೆಟ್ಟಿತು ಅಂತ ಹೇಳುವುದು ಬೇಡ, ಒಣ ವಿಭೂತಿಯನ್ನು ಡ್ರೋನ್ ಇಡುವ ಚೀಲಕ್ಕೆ ಹಚ್ಚಿದರೆ ಸಾಕು ಅಂತ ನಯವಾಗಿ ತಿಳಿಸಿದರಾಯಿತು ಅಂದ.

“ಹೊಸದಾಗಿ ಬಂದದ್ದಕ್ಕ ಕೈತುಂಬ ಹಚ್ಚೋ ರೂಢಿ ಆಕಿಗೆ. ಚೀಲ ಹಳೇದು, ಅದಕ್ಕ ಬೊಟ್ಟು ಮುಟ್ಟಿಸಿ ಬಿಡ್ತಾಳ. ಈ ಮೋಟರಿಗೆ ಹಚ್ಚದ ಆಕಿ ಕೈ ಸುಮ್ಮನಿರಾಂಗಿಲ್ಲ,” ಅಂದಳು ಅಂಜನಾ.

“ಹಂಗಾರ ನನ್ನ ಹಣಿಗೆ ಹಚ್ಚಲಿ. ಬರ್ತೀನಿ ನಿಮ್ಮೂರಿಗೆ.” ಬಿಗಿ ಮಾಡುತ್ತಿದ್ದ ಕೈ ನಿಂತಿತು. “ಆದ್ರ ನಾ ಹೊರಗಿನವ.”

ಅಂಜನಾ ಮೋಟರಿನ ಮೇಲಿನ ಅಕ್ಷರವನ್ನು ಬೆರಳಿನಿಂದ ಮುಟ್ಟಿದಳು. ಒಂದು ಕಾಲಕ್ಕೆ ಅಳಿಸಲು ತಿಕ್ಕಿದ್ದು ಇದೇ ಬೆರಳು.

“ನಮ್ಮವ್ವ ಇದನ್ನ ಮೊದಲನೇ ದಿನನಾ ಬ್ಯಾರೆ ಓದಿದ್ಲು.”

“ಏನಂತ?”

“ಹೊಂದತೈತಿ ಅಂತ.”